ಕಿವಿಗಿಟ್ಟು ಅಲ್ಲಾಡಿಸಿದ ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಹಾಲಿನ ಡೈರಿ ಹತ್ತಿರ ಅಡ್ಡ ಹಾಕಿಕೊಂಡು ಕೇಳುವುದು ಬೇಡ. ಹೌದು, ಕುಡಿದೆ. ಸ್ಪೇನ್ ದೇಶದಲ್ಲಿ, ಹಾಡಹಗಲಲ್ಲಿ, ಕಟ್ಟಿಕೊಂಡ ಗಂಡನ ಪಕ್ಕದಲ್ಲೇ ಕೂತು ಒಂದು ಲೋಟ ಕೆಂಪು ವೈನು ಕುಡಿದೆ. ಖುಷಿಯಾಗಿ ಕುಡಿದೆ. ಸಾಲದು ಅಂತ ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡೆ.

ಇದನ್ನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ತೊಂಬತ್ತರ ದಶಕದಲ್ಲಿ ಕಡಬದ ಕೆರೆ ಹಿಂದಿನ ನಮ್ಮೂರಿನಲ್ಲಿ ಸಾರಾಯಿ ಅಂಗಡಿ ಮುಂದೆ ಪೊರಕೆ ಹಿಡಿದು ಕೂತ ಹೆಂಗಸರಲ್ಲಿ ಮುಂದಿನ ಸಾಲಿನವಳು ನಾನು. ಅಂಗಡಿಯವನು ಗಂಟುಮೂಟೆ ಕಟ್ಟುವ ತನಕ ಎದ್ದಿರಲಿಲ್ಲ. ಅವತ್ತಿನಿಂದ ನನಗೆ ಪೊರಕೆ ಸರೋಜಮ್ಮ ಅಂತಲೇ ಹೆಸರು. ನಮ್ಮನೆಯವರು ಶನಿವಾರ ತುಮಕೂರಿಗೆ 'ಮೀಟಿಂಗು' ಅಂತ ಹೋಗಿ ಬಾಯ್ತುಂಬ ಏಲಕ್ಕಿ ಅಗಿಯುತ್ತಾ ಬರುವುದು ನನಗೆ ಗೊತ್ತಿಲ್ಲ ಅಂತ ಅವರು ತಿಳಿದುಕೊಂಡಿದ್ದರು. ಏಲಕ್ಕಿ ಡಬ್ಬಿ ಇಡುವವಳು ನಾನೇ ಅನ್ನುವುದನ್ನು ಮರೆತಿದ್ದರು.

ನಮ್ಮನೆಯವರ ಹೆಸರು ರಂಗಸ್ವಾಮಿ. ನಿಟ್ಟೂರಿನ ರೈಲ್ವೆ ಗೇಟಿನಿಂದ ಸ್ವಲ್ಪ ಆಚೆ ತೆಂಗಿನ ನಾರಿನ ಫ್ಯಾಕ್ಟರಿ ಇಟ್ಟಿದ್ದಾರೆ. ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಮೊದಲೆಲ್ಲ ತಿಪ್ಪೆಗೆ ಸುರಿಯುತ್ತಿದ್ದೆವು. ಅದನ್ನೇ ಇಟ್ಟಿಗೆಯಂತೆ ಅಚ್ಚು ಹಾಕಿ ಕಳಿಸಿದರೆ ಸ್ಪೇನಿನವರು ಅದರಲ್ಲಿ ಟೊಮೆಟೊ ಬೆಳೆಯುತ್ತಾರಂತೆ. ಹಾಗೆ ಕೊಳ್ಳಲು ಬಂದವನು ಆಂದ್ರೆಸ್. ಮೂವತ್ತರ ಒಳಗಿನ ಹುಡುಗ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಕೂತು ಮುದ್ದೆ ಅಗಿಯದೆ ನುಂಗುವುದನ್ನು ನಮ್ಮತ್ತೆ ಹತ್ತಿರ ಕಲಿತುಕೊಂಡ. ಹೊರಡುವಾಗ, ನೀವಿಬ್ಬರೂ ನಮ್ಮೂರಿಗೆ ಬರಲೇಬೇಕು, ನಮ್ಮಪ್ಪ ವೈನು ಮಾಡುತ್ತಾರೆ, ನೋಡಬೇಕು ಅಂದ. ನಾನು ಮುಖ ಗಂಟು ಹಾಕಿಕೊಂಡೆ. ನಮ್ಮನೆಯವರು ಮುಖ ಅರಳಿಸಿದರು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಳುಕುಳು ಅಂದರೆ ನೀರಿದೆ, ವಾಪಸು ಅಟ್ಟಕ್ಕೆ. ಗುಡುಗುಡು ಅಂದರೆ ಕೊಬ್ಬರಿ ಆಗಿದೆ. ಏನೂ ಅನ್ನದಿದ್ದರೆ ಕೊಳೆತಿದೆ. ಇದನ್ನು ನಾನು ತವರಿನಲ್ಲಿ ಕಲಿಯಲಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರು ನನ್ನ ತವರು, ನಮ್ಮಪ್ಪ ಹಸಿ ಕಾಯಿಯನ್ನೇ ಮಾರಿಬಿಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ನಮ್ಮತ್ತೆ ನನ್ನ ಕಿವಿ ಹಿಂಡಿ ಕಲಿಸಿದರು. ಈಗ ಇಪ್ಪತ್ತೈದು ವರ್ಷದಿಂದ ಆ ಅಟ್ಟದ ಪ್ರತಿ ಕಾಯಿಯೂ ನನ್ನ ಕಿವಿ ದಾಟಿಯೇ ಇಳಿಯಬೇಕು. ಆದರೆ ಮಂಡಿಗೆ ಹೋದರೆ ಅದು 'ರಂಗಸ್ವಾಮಣ್ಣನ ಕೊಬ್ಬರಿ'. ಒಂದೂ ಕೆಟ್ಟದ್ದು ಬರಲ್ಲ, ನಿಮ್ಮ ಕೈಗುಣ ಸ್ವಾಮಿ ಅಂತ ಮಂಡಿಯವರು ಹೇಳಿದರೆ, ಇವರು ಇಲ್ಲ ಅನ್ನದೆ ನಗುತ್ತಾರೆ.

ಮ್ಯಾಡ್ರಿಡ್ ವಿಮಾನ ನಿಲ್ದಾಣ

ಯುಗಾದಿ ಕಳೆದು ಹದಿನೈದು ದಿನಕ್ಕೆ ಹೊರಟೆವು. ಬೇರೆಯವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಚಟ್ನಿಪುಡಿ, ಚಕ್ಕುಲಿ, ಅವುಗಳ ಜೊತೆಗೆ ಚೆನ್ನಾಗಿ ಆದ ಐದು ಕಾಯಿಯನ್ನು ಕರಟದ ಸಮೇತ ಇಟ್ಟುಕೊಂಡಿದ್ದೆ. ಅವರ ಕಣ್ಣೆದುರೇ ಒಡೆದು ಉಂಡೆ ಕೊಬ್ಬರಿ ಕೈಗೆ ಕೊಡಬೇಕೆಂಬ ಆಸೆ.

ಅಲ್ಲಿನ ತಪಾಸಣೆಯ ಹುಡುಗಿ ಒಂದು ಕಾಯಿ ಎತ್ತಿದಳು. ಒಳಗೆ ಗುಡು ಅಂತು. ಅವಳ ಹುಬ್ಬು ಮೇಲೇರಿತು. ಇನ್ನೊಂದು ಎತ್ತಿದಳು, ಅದೂ ಗುಡು ಅಂತು. ತಕ್ಷಣ ಇಬ್ಬರು ಗಂಡಸರನ್ನು ಕರೆದಳು. ತೆಂಗಿನಕಾಯಿಯೊಳಗೆ ನೀರಿರಬೇಕಲ್ಲ, ಇದರೊಳಗೆ ಏನನ್ನು ತುಂಬಿದ್ದೀರಿ ಅಂತ ಅವರ ಪ್ರಶ್ನೆ. ನಮ್ಮನೆಯವರು ಆ ಹುಡುಗಿಗೆ "ಕೊಕೊನಟ್ ಸರ್, ಓನ್ಲಿ ಕೊಕೊನಟ್ ಸರ್" ಅನ್ನುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರು.

ನನಗೆ ಸಿಟ್ಟು ಬಂತು. ವರ್ಷವಿಡೀ ಕಾದು ಮಾಡಿದ್ದನ್ನು ಕಳ್ಳಮಾಲಿನ ಥರ ನೋಡುವುದೆಂದರೇನು? ಒಂದು ಕಾಯಿ ತೆಗೆದುಕೊಂಡು ಮೇಜಿನ ಕಬ್ಬಿಣದ ಕಾಲಿಗೆ ಸುತ್ತಲೂ ನಾಲ್ಕು ಏಟು ಹಾಕಿದೆ. ಕರಟ ಎರಡು ಹೋಳಾಗಿ ಉಂಡೆ ಇಡಿಯಾಗಿ ನನ್ನ ಅಂಗೈಗೆ ಬಂತು. ಚೂರು ಮಾಡಿ ಕೊಟ್ಟೆ. ತಿಂದರು. ಪಕ್ಕದ ಸಾಲಿನ ಅಧಿಕಾರಿಯೂ ಬಂದು ತಿಂದ. ಇನ್ನೊಂದು ಒಡೆಯಿರಿ ಅನ್ನುವ ಮುಖ ಮಾಡಿದಾಗ ನಾನು ಚೀಲದ ಜಿಪ್ಪು ಎಳೆದೆ.

ಹೊರಗೆ ಬಂದ ಮೇಲೆ ನಮ್ಮನೆಯವರು, "ಅಲ್ವೇ, ಏರ್‌ಪೋರ್ಟಲ್ಲಿ ಕಾಯಿ ಒಡೆದ್ಯಲ್ಲ, ಇದೇನ್ ಗಣೇಶನ ಗುಡೀನಾ?" ಅಂದರು.

"ಒಳ್ಳೇದೇ ಆಯ್ತು ಬಿಡ್ರಿ. ಹೊರಡೋವಾಗ ಒಡೆಯೋದು ಮರ್ತಿದ್ವಿ," ಅಂದೆ. ಉಳಿದದ್ದು ನಾಲ್ಕು ಕಾಯಿ.

ಬುಧವಾರ, ಆಂದ್ರೆಸನ ಊರು

ಕಾರಿನಲ್ಲಿ ಉತ್ತರಕ್ಕೆ ನಾಲ್ಕು ಗಂಟೆಯ ದಾರಿ. ಆ ಸೀಮೆಗೆ ರಿಯೋಹಾ ಅನ್ನುತ್ತಾರೆ. ಮಣ್ಣು ನಮ್ಮದರ ಹಾಗೆಯೇ ಕೆಂಪು. ದ್ರಾಕ್ಷಿಗೆ ಚಪ್ಪರ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿ ಮೊಣಕಾಲೆತ್ತರದ ಮೋಟು ಗಿಡಗಳು, ಈಗಷ್ಟೇ ಚಿಗುರುತ್ತಿದ್ದವು. ಕುಣಿಗಲ್ ಕಡೆ ಕಡ್ಡಿ ಕತ್ತರಿಸಿದ ಹಿಪ್ಪುನೇರಳೆ ಹೊಲ ನೋಡಿದ ಹಾಗಾಯಿತು.

ಬಾಗಿಲಲ್ಲೇ ಮೊದಲ ಅನಾಹುತ. ಆಂದ್ರೆಸನ ತಾಯಿ ಪಿಲಾರ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಅದೇ ಓಟದಲ್ಲಿ ನಮ್ಮನೆಯವರ ಕೆನ್ನೆಗೂ ಇಟ್ಟರು. ಇವರು ಲೈಟ್ ಕಂಬದ ಹಾಗೆ ನಿಂತುಬಿಟ್ಟರು. ಕಣ್ಣು ಮಾತ್ರ ನನ್ನ ಕಡೆ ತಿರುಗಿತ್ತು. "ಪರವಾಗಿಲ್ಲ, ಉಸಿರಾಡಿ," ಅಂದೆ.

ಆಂದ್ರೆಸನ ತಂದೆ ಬೆನಿತೋ ಎಪ್ಪತ್ತು ದಾಟಿದವರು. ಗಿಡ್ಡ ಆಳು, ಅಗಲ ಕೈ, ಮಾತು ಕಡಿಮೆ. ಅಲ್ಲಿ ಮಧ್ಯಾಹ್ನ ಮೂರಾದರೂ ಊಟವಿಲ್ಲ. ನಾನು ಸ್ನಾನದ ಮನೆಯಲ್ಲಿ ಅಡಗಿ ನಿಂತು ಎರಡು ಚಕ್ಕುಲಿ ತಿಂದೆ. ಅಂತೂ ಮೇಜಿಗೆ ಕರೆದರು. ಪ್ರತಿ ತಟ್ಟೆಯ ಪಕ್ಕ ನೀರಿನ ಲೋಟದ ಜೊತೆಗೆ ವೈನಿನ ಲೋಟವೂ ಇತ್ತು, ಪಿಲಾರಮ್ಮನ ತಟ್ಟೆಗೂ ಸೇರಿ. ನಮ್ಮ ಗುಬ್ಬಿಯ ವೈನ್ ಶಾಪುಗಳನ್ನು ನೋಡಿದ್ದೀರಲ್ಲ, ಗೋಡೆ ಕಡೆ ಮುಖ ಮಾಡಿ ನಿಂತು, ಒಂದೇ ಗುಟುಕಿಗೆ ಸುರಿದುಕೊಂಡು, ಪೇಪರಿನಲ್ಲಿ ಬಾಯಿ ಒರೆಸಿಕೊಂಡು ಓಡುತ್ತಾರೆ. ಇಲ್ಲಿ ತುತ್ತಿಗೊಂದು ಗುಟುಕು, ಮಾತಿಗೊಂದು ಗುಟುಕು. ನಮ್ಮನೆಯವರು ಲೋಟದ ಕಡೆ ನೋಡುವುದು, ನನ್ನ ಕಡೆ ನೋಡುವುದು ಮಾಡುತ್ತಿದ್ದರು.

ಪಕ್ಕದ ಬೀರುವಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದು ಬಾಟಲಿ ನಿಲ್ಲಿಸಿದ್ದರು. ಚೀಟಿ ಇಲ್ಲ, ಮೈಮೇಲೆಲ್ಲ ಧೂಳು. ಪಕ್ಕದಲ್ಲಿ ಒಂದು ಗಾಜಿನ ಹೂಜಿ, ಉರಿಯುವ ಮೇಣದಬತ್ತಿ. ದೇವರ ಮುಂದೆ ಇಟ್ಟ ಹಾಗೆ ಇತ್ತು.

"ಅಪ್ಪ ಇದನ್ನು ನಾನು ಹುಟ್ಟಿದ ವರ್ಷ ಮಾಡಿದ್ದು," ಅಂದ ಆಂದ್ರೆಸ್. "ಮೂರು ವರ್ಷ ಓಕ್ ಮರದ ಪೀಪಾಯಿಯಲ್ಲಿತ್ತು. ಆಮೇಲಿನ ವರ್ಷಗಳೆಲ್ಲ ಬಾಟಲಿಯಲ್ಲಿ. ಆ ವರ್ಷದ್ದು ಉಳಿದಿರುವುದು ಇದೊಂದೇ. ನಿಮಗೋಸ್ಕರ ತೆಗೆಯುತ್ತಿದ್ದಾರೆ."

ಕುಡಿಯುವುದು ಬಿಡುವುದು ಬೇರೆ ಮಾತು, ಮಗ ಹುಟ್ಟಿದ ವರ್ಷದಿಂದ ಕಾದ ವಸ್ತು ಎಂದರೆ ಸಾಮಾನ್ಯವೇ? ನಮ್ಮ ಅಟ್ಟದ್ದು ಹನ್ನೊಂದು ತಿಂಗಳಿಗೇ ನಮಗೆ ಜೀವ ಹೋದಂತಾಗುತ್ತದೆ. ಅಕ್ಕರೆಯಿಂದ ಎದ್ದು ಹೋಗಿ ಬಾಟಲಿಯನ್ನು ಕೈಗೆತ್ತಿಕೊಂಡೆ. ಮುಂದಿನದನ್ನು ನಾನು ಮಾಡಲಿಲ್ಲ, ಇಪ್ಪತ್ತೈದು ವರ್ಷದ ಅಭ್ಯಾಸ ಮಾಡಿತು. ಕಿವಿಯ ಹತ್ತಿರ ಹಿಡಿದು ಎರಡು ಸಲ ಜೋರಾಗಿ ಅಲ್ಲಾಡಿಸಿದೆ.

ಪಿಲಾರಮ್ಮ ಕಿಟಾರನೆ ಕಿರುಚಿದರು. ಮನೆಯೊಳಗೆ ಹಾವು ಬಂತೇನೋ ಅಂತ ನಾನು ಕಾಲು ಎತ್ತಿದೆ.

ಬೆನಿತೋ ಎದ್ದು ಬಂದು, ಚಿಕ್ಕಮಕ್ಕಳ ಕೈಯಿಂದ ಕೂಸನ್ನು ಇಸಿದುಕೊಳ್ಳುವ ಹಾಗೆ ಬಾಟಲಿಯನ್ನು ಇಸಿದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆಲ್ಲ ಬಗ್ಗಡ. ಹಳೆಯ ವೈನಿನ ತಳದಲ್ಲಿ ಗಷ್ಟು ಇರುತ್ತದಂತೆ. ಅದು ಕೆಳಗಿಳಿಯಲಿ ಎಂದು ಭಾನುವಾರದಿಂದ ಅಲುಗಿಸದೆ ನಿಲ್ಲಿಸಿದ್ದರಂತೆ. ಕದಡಿದರೆ ಕಹಿ, ಬಾಯಿಗೆ ಮರಳು ಮರಳು. ಬೆನಿತೋ ಬಾಟಲಿಯನ್ನು ಇದ್ದಲ್ಲೇ ಇಟ್ಟು, ಎರಡು ಬೆರಳಲ್ಲಿ ಮೇಣದಬತ್ತಿ ಆರಿಸಿ, ಕೂತು ರೊಟ್ಟಿ ಮುರಿಯತೊಡಗಿದರು. ಆಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ರೂಮಿಗೆ ಬಂದ ಮೇಲೆ ನಮ್ಮನೆಯವರು ಶುರು ಮಾಡಿದರು. "ಕೈ ಸುಮ್ನಿರಲ್ವೇನೇ ನಿಂಗೆ? ಅದೇನ್ ನಮ್ಮನೆ ಅಟ್ಟಾನಾ? ಮಾನ ತೆಗೆದ್ಬಿಟ್ಟೆ ಕಣೇ!"

"ಬೇಕು ಅಂತ ಮಾಡಿದ್ನಾ ನಾನು?" ಅಂದೆ. ಅಳು ಬಂತು. ಯಾವ ಕೆಲಸದಲ್ಲಿ ನನ್ನನ್ನು ಬಿಟ್ಟರಿಲ್ಲ ಅಂತ ಮನಸ್ಸಿನಲ್ಲೇ ಬೀಗುತ್ತಿದ್ದೆನೋ ಅದೇ ಕೆಲಸ ನನ್ನ ಮುಖಕ್ಕೆ ಮಸಿ ಬಳಿದಿತ್ತು. ನಾವು ಹೊರಡುವುದು ಭಾನುವಾರ ಬೆಳಿಗ್ಗೆ. ಅಷ್ಟರೊಳಗೆ ಆ ಮುದುಕ ಒಂದು ಸಲವಾದರೂ ನನ್ನ ಮುಖ ನೋಡಿ ನಗಬೇಕು. ಇಲ್ಲದಿದ್ದರೆ ಮನೆಗೆ ಬಂದು ಯಾವ ಮುಖ ಹೊತ್ತು ಅಟ್ಟ ಹತ್ತಲಿ ಅನ್ನಿಸಿತು.

ಗುರುವಾರ, ನೆಲಮಾಳಿಗೆ

ಬೆಳಿಗ್ಗೆ ಆಂದ್ರೆಸ್ ನಮ್ಮಿಬ್ಬರನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋದ. ಬೆನಿತೋ ಲಾಂದ್ರದಂಥ ದೀಪ ಹಿಡಿದು ಮುಂದೆ. ಮನೆಯ ಕೆಳಗೇ ಕಲ್ಲು ಕೊರೆದು ಮಾಡಿದ ಸುರಂಗ. ನಮ್ಮ ಹಿಂದಿನವರು ನೆಲದಡಿ ರಾಗಿ ತುಂಬುತ್ತಿದ್ದ ಹಗೇವನ್ನು ಹತ್ತಾಳು ಉದ್ದ ಮಾಡಿದರೆ ಹೇಗಿರುತ್ತದೋ ಹಾಗಿತ್ತು. ತಣ್ಣಗೆ, ಕತ್ತಲೆ, ಗೋಡೆ ತುಂಬ ಕರಿ ಬೂಷ್ಟು. ಎರಡೂ ಕಡೆ ಪೀಪಾಯಿಗಳು ಮಲಗಿದ್ದವು, ನಲವತ್ತರ ಮೇಲಿದ್ದವು.

ವಾಸನೆ ಮಾತ್ರ ನನಗೆ ಬಹಳ ಪರಿಚಯದ್ದು ಅನ್ನಿಸಿತು. ಯಾವುದು ಅಂತ ನೆನಪಾಗಲಿಲ್ಲ.

ಮರವೂ ಉಸಿರಾಡುತ್ತದೆ, ವೈನು ಸ್ವಲ್ಪ ಸ್ವಲ್ಪವೇ ಆರಿಹೋಗುತ್ತದೆ, ಅದಕ್ಕೇ ಪ್ರತಿ ಸೋಮವಾರ ಪೀಪಾಯಿ ತುಂಬ ಮತ್ತೆ ಹುಯ್ಯಬೇಕು, ಒಳಗೆ ಗಾಳಿ ಸೇರಿದರೆ ಹುಳಿಯಾಗುತ್ತದೆ ಅಂತ ಆಂದ್ರೆಸ್ ವಿವರಿಸುತ್ತಿದ್ದ. ಬೆನಿತೋ ನಮ್ಮನೆಯವರಿಗೆ ಮಾತ್ರ ತೋರಿಸುತ್ತಾ, ಒಂದೊಂದು ಪೀಪಾಯಿಯ ಮುಖಕ್ಕೂ ಬೆರಳ ಗೆಣ್ಣಿನಿಂದ ಟಪ್ ಟಪ್ ಬಡಿಯುತ್ತಾ ನಡೆದರು. ನಾನು ಸೆರಗು ಹೊದ್ದುಕೊಂಡು ಹಿಂದೆ ಹಿಂದೆ ಬರುತ್ತಿದ್ದೆ.

ಬಡಿದ ಸದ್ದು ಕೇಳಿದ್ದೇ ನನ್ನ ಕಿವಿ ಎದ್ದು ಕೂತಿತು. ಅಯ್ಯೋ, ಇವರೂ ನಮ್ಮ ಹಾಗೆಯೇ! ತುಂಬಿದ ಪೀಪಾಯಿ ದಪ್ ಅನ್ನುತ್ತದೆ. ಖಾಲಿ ಇರುವ ಕಡೆ ಠೊಣ್ ಅನ್ನುತ್ತದೆ. ನಾನೂ ಸುಮ್ಮನೆ ಬಡಿಯುತ್ತಾ ಬಂದೆ. ದಪ್, ದಪ್, ದಪ್. ಗೋಡೆ ಪಕ್ಕದ ಮೂಲೆಯ ಒಂದು ಪೀಪಾಯಿ ಮಾತ್ರ ಠೊಣ್ ಅಂತು. ಬೆನಿತೋ ಅದನ್ನೂ ಬಡಿದು ದಾಟಿಹೋಗಿದ್ದರು.

ನಾನು ನಿಂತೆ. ಇನ್ನೊಂದು ಸಲ ಬಡಿದೆ. ಮೇಲಿಂದ ಕೆಳಕ್ಕೆ ಬಡಿಯುತ್ತಾ ಬಂದರೆ ಒಂದು ಗೇಣಿನವರೆಗೂ ಠೊಣ್ ಠೊಣ್, ಆಮೇಲೆ ದಪ್. ಪಕ್ಕದ್ದನ್ನು ಬಡಿದೆ. ಅದು ತುಟ್ಟತುದಿಯಲ್ಲೂ ದಪ್.

"ರೀ, ಇದ್ರಲ್ಲಿ ಕಮ್ಮಿ ಐತೆ," ಅಂದೆ.

"ಸುಮ್ನೆ ಬಾರೇ. ನಿನ್ನೆ ಮಾಡಿದ್ದು ಸಾಲ್ದಾ?" ಅಂತ ನಮ್ಮನೆಯವರು ಹಲ್ಲು ಕಚ್ಚಿಕೊಂಡು ಅಂದರು.

ನಿನ್ನೆಯೇ ಹೋದ ಮಾನ ಇವತ್ತು ಇನ್ನೇನು ಹೋದೀತು? ಗಟ್ಟಿ ಮನಸ್ಸು ಮಾಡಿ ನನಗೆ ಬಂದ ಇಂಗ್ಲಿಷಿನಲ್ಲಿ ಆಂದ್ರೆಸನಿಗೇ ಹೇಳಿದೆ. ಅವನು ಅಪ್ಪನಿಗೆ ಹೇಳಿದ. ಬೆನಿತೋ ತಲೆ ಅಲ್ಲಾಡಿಸಿದರು. ಸೋಮವಾರ ತಮ್ಮ ಕೈಯಾರೆ ತುಂಬಿದ್ದಾರೆ, ಸಾಧ್ಯವೇ ಇಲ್ಲ. ನಾನು ಜಾಗ ಬಿಟ್ಟು ಕದಲಲಿಲ್ಲ. ಸಾರಾಯಿ ಅಂಗಡಿ ಮುಂದೆ ಕೂತವಳು ನಾನು. ಕೊನೆಗೆ ಆಂದ್ರೆಸ್ ಬಿರಡೆ ಕಿತ್ತು ಒಂದು ಕೋಲು ಇಳಿಬಿಟ್ಟ. ಎತ್ತಿ ದೀಪಕ್ಕೆ ಹಿಡಿದ. ನಾನು ಕೈಯಲ್ಲಿ ತೋರಿಸಿದ ಗೇಣಿಗೂ ಕೋಲಿನ ಒದ್ದೆಗೂ ಒಂದು ಬೆರಳಿನ ವ್ಯತ್ಯಾಸ ಇರಲಿಲ್ಲ.

ಆಮೇಲೆ ನೋಡಬೇಕಿತ್ತು ಗಡಿಬಿಡಿ! ಆಂದ್ರೆಸ್ ಹೊಟ್ಟೆ ಮೇಲೆ ತೆವಳಿ ಪೀಪಾಯಿಯ ಹಿಂದೆ ಕೈ ಹಾಕಿದ. ಗೋಡೆಯ ಕಡೆಯ ಹಲಗೆಯಲ್ಲಿ ಹುಳ ಕೊರೆದ ತೂತು. ಸದ್ದಿಲ್ಲದೆ ಸೋರಿ ಸೋರಿ ಕೆಳಗಿನ ಜಲ್ಲಿ ವೈನು ಕುಡಿಯುತ್ತಾ ಇತ್ತು. ಅವನು ಪಂಪು ತರಲು ಮೇಲಕ್ಕೆ ಓಡಿದ. ನಮ್ಮನೆಯವರಿಗೆ ಅಷ್ಟರಲ್ಲಿ ಮೈಮೇಲೆ ಎಚ್ಚರ ಬಂತು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ನಾರಿನ ಸ್ಯಾಂಪಲ್ಲು ಇರುತ್ತದೆ. "ಹೊಸ್ದ್ ಕೊಡೇ ಇಲ್ಲಿ," ಅಂತ ಅದನ್ನು ನನ್ನ ಕೈಗೆ ತುರುಕಿದರು. ನಾನು ಹುರಿ ಮಾಡಿ ಕೊಟ್ಟೆ. ಬೆನಿತೋ ಅದಕ್ಕೆ ಮೇಣ ಬಳಿದು, ಹೊರಗಿನಿಂದ ಚಾಕುವಿನ ಹಿಡಿಯಲ್ಲಿ ತೂತಿಗೆ ಜಡಿದರು. ಸೋರುವುದು ನಿಂತಿತು. ಪಂಪು ಬಂದು ವೈನೆಲ್ಲ ಬೇರೆ ಪೀಪಾಯಿಗೆ ಹೋಗುವ ತನಕ ನಮ್ಮ ನಿಟ್ಟೂರಿನ ನಾರು ಅಲ್ಲಾಡಲಿಲ್ಲ.

ಎಲ್ಲ ಮುಗಿದ ಮೇಲೆ ಬೆನಿತೋ ಒಂದು ಕಲ್ಲಿನ ಮೇಲೆ ಕೂತು ಮಗನಿಗೆ ಮೆಲ್ಲಗೆ ಏನೋ ಹೇಳಿದರು. ಆಂದ್ರೆಸ್ ಪಂಪನ್ನು ಗೋಡೆಗೆ ಒರಗಿಸಿ ನಮ್ಮ ಕಡೆ ತಿರುಗಿದ. ಆಮೇಲೆ ಹೇಳಿದ. ಅಪ್ಪನಿಗೆ ಹೋದ ವರ್ಷದಿಂದ ಎಡಗಿವಿ ಕೇಳುತ್ತಿಲ್ಲವಂತೆ, ಬಲಗಿವಿಯೂ ಮಂದ. ಯಾರಿಗೂ ಹೇಳದೆ ಅಭ್ಯಾಸಕ್ಕೆ ಸುಮ್ಮನೆ ಬಡಿದುಕೊಂಡು ಓಡಾಡುತ್ತಿದ್ದರಂತೆ. ಕಿವಿಯಿಂದಲೇ ಬದುಕಿದವರಿಗೆ ಕಿವಿ ಹೋಗುವುದು ಏನೆಂದು ನನಗೆ ಗೊತ್ತು.

ಶುಕ್ರವಾರ

ತಿಂಡಿ ಆದ ಕೂಡಲೇ ಬೆನಿತೋ ನನ್ನ ಮುಂದೆ ಬಂದು ನಿಂತರು. ಮುಖ ನೋಡಿದರು, ನಗಲಿಲ್ಲ. ಕೈಗೆ ಒಂದು ಸೀಮೆಸುಣ್ಣ ಇಟ್ಟು ನೆಲಮಾಳಿಗೆಯ ಬಾಗಿಲು ತೋರಿಸಿದರು. ನಮ್ಮನೆಯವರೂ ಎದ್ದರು. ನೀವು ಬೇಡ ಅಂತ ಬೆನಿತೋ ಅವರ ಭುಜ ಹಿಡಿದು ಕೂರಿಸಿದರು.

ನಲವತ್ತಕ್ಕೂ ಹೆಚ್ಚಿನ ಪೀಪಾಯಿಗಳನ್ನು ನಾನೊಬ್ಬಳೇ ಬಡಿದೆ. ಅವರು ದೀಪ ಹಿಡಿದರು. ಸರಿ ಇದ್ದುದಕ್ಕೆ ಒಂದು ಗೀಟು, ಅನುಮಾನದ್ದಕ್ಕೆ ಸುತ್ತು. ಎರಡು ಸುತ್ತು ಬಿತ್ತು. ಎರಡನ್ನೂ ಕೋಲು ಹಾಕಿ ನೋಡಿದರು, ಎರಡರಲ್ಲೂ ಮೂರು ಬೆರಳು ಕಡಿಮೆ. ಒಂದೇ ಒಂದು ಮಾತೂ ಬೇಕಾಗಲಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮತ್ತೆಯೂ ಹೀಗೇ ದೀಪ ಹಿಡಿದು ಅಟ್ಟದ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಹತ್ತಿ ಬರುವಾಗ ನನ್ನ ಗೆಣ್ಣು ಕೆಂಪಗಾಗಿತ್ತು, ಮನಸ್ಸು ಹಗುರವಾಗಿತ್ತು.

ಮೇಲೆ ಬಂದ ಮೇಲೆ ಬೀರುವಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ನೋಡಿ, ನಾಳೆ ಅನ್ನುವ ಹಾಗೆ ಬೆರಳೆತ್ತಿದರು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತೆ.

ಶನಿವಾರದ ಊಟ

ಮತ್ತೆ ಮೇಣದಬತ್ತಿ, ಮತ್ತೆ ಹೂಜಿ. ಬೆನಿತೋ ಬಿರಡೆಯನ್ನು ಮುಳ್ಳು ತೆಗೆಯುವ ಹಾಗೆ ನಿಧಾನಕ್ಕೆ ತೆಗೆದರು. ಬಾಟಲಿಯ ಕುತ್ತಿಗೆಯನ್ನು ದೀಪದ ಮೇಲೆ ಹಿಡಿದು ದಾರದಷ್ಟು ಸಣ್ಣಗೆ ಬಗ್ಗಿಸತೊಡಗಿದರು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಕೆಂಪು ತಿಳಿಯಾಗಿ ಇಳಿಯಿತು, ಇನ್ನೂ ತಿಳಿಯಾಗಿ, ಇನ್ನೂ. ಬಾಟಲಿಯ ತಳದ ನಾಲ್ಕು ಬೆರಳು ಉಳಿದಾಗ ಕುತ್ತಿಗೆಯಲ್ಲಿ ಹೊಗೆಯಂಥ ಬಗ್ಗಡ ಕಂಡಿತು. ಕೈ ನಿಲ್ಲಿಸಿದರು. ಹೂಜಿಯಲ್ಲಿ ಒಂದು ಚೂರೂ ಕಸವಿಲ್ಲದ ವೈನು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಕೆಟ್ಟಿರಲಿಲ್ಲ! ನನ್ನ ಕಣ್ಣಲ್ಲಿ ನೀರು ಬಂತು.

ಮೊದಲ ಲೋಟವನ್ನು ಅವರು ನನ್ನ ಮುಂದೆ ಇಟ್ಟರು.

ನಮ್ಮನೆಯವರು ಏನು ಮಾಡಬೇಕೋ ತಿಳಿಯದೆ, "ಅವ್ಳು ಕುಡಿಯಲ್ಲ, ನಂಗ್ ಕೊಡಿ," ಅನ್ನಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ನಾನು ಪೊರಕೆ ಹಿಡಿದದ್ದು ಮಕ್ಕಳ ಅನ್ನ ಕಿತ್ತುಕೊಂಡು, ಹೆಂಗಸರ ಬೆನ್ನು ಮುರಿಯುತ್ತಿದ್ದ ಸಾರಾಯಿ ಪ್ಯಾಕೆಟ್ಟಿನ ಮೇಲೆ. ಈ ಲೋಟದಲ್ಲಿದ್ದುದು ಒಬ್ಬ ಮನುಷ್ಯ ಮಗನ ವಯಸ್ಸಿನಷ್ಟು ಕಾಲ ಕಾದ ಕಾಯುವಿಕೆ. ಬೇಡ ಅಂದಿದ್ದರೆ ನನ್ನ ಅಟ್ಟಕ್ಕೇ ಬೇಡ ಅಂದ ಹಾಗಾಗುತ್ತಿತ್ತು.

ಮೊದಲು ಮೂಸಿ ಅಂದ ಆಂದ್ರೆಸ್. ಮೂಸಿದೆ. ಮೊದಲು ಹಳೆಯ ಮರದ ಪೆಟ್ಟಿಗೆ ತೆರೆದ ವಾಸನೆ. ಆಮೇಲೆ ಒಣಗಿದ ನೇರಳೆಹಣ್ಣಿನದು. ಅದರ ಹಿಂದಿನಿಂದ ಇನ್ನೊಂದು ಬಂತು. ನೆಲಮಾಳಿಗೆಯಲ್ಲಿ ಹೆಸರು ಹೊಳೆಯದೆ ಕಾಡಿದ್ದ ವಾಸನೆ ಇದೇ.

"ಕೊಬ್ಬರಿ!" ಅಂತ ಕೂಗಿದೆ. "ರೀ, ಕೊಬ್ಬರಿ ಕಣ್ರೀ ಇದು! ಮೂಸಿ ನೋಡಿ!"

ಅವರು ಮೂಸಿದರು. ಕಣ್ಣು ದೊಡ್ಡದಾಯಿತು. "ಅಯ್ಯೋ ಶಿವನೇ, ನಮ್ಮಟ್ಟ ಹತ್ದಂಗಾಯ್ತಲ್ಲೇ!"

ಆಂದ್ರೆಸ್ ನಗುತ್ತಾ ಹೇಳಿದ, ನಾವು ಹುಚ್ಚರಲ್ಲವಂತೆ. ಅವರ ಪೀಪಾಯಿಗಳ ಓಕ್ ಮರ ಅಮೆರಿಕದ್ದು, ಅದರ ಗುಣವೇ ಅದು, ವೈನಿಗೆ ತೆಂಗಿನ ಘಮ ಕೊಡುತ್ತದೆ. ಇದನ್ನು ಮಾಡುವವರೆಲ್ಲ ಹಾಗೆ ಹೇಳುತ್ತಾರೆ, ಆದರೆ ನಮ್ಮಪ್ಪ ಇಡೀ ಜೀವನದಲ್ಲಿ ಕೊಬ್ಬರಿ ಕಂಡವರಲ್ಲ ಅಂದ.

ಆಗ ಗುಟುಕರಿಸಿದೆ. ಏನು ಹೇಳಲಿ! ಸಾರಾಯಿ ಕುಡಿದವರು ಮುಖ ಕಿವುಚುವುದನ್ನು ನೋಡಿದ್ದವಳು, ಗಂಟಲು ಸುಡುತ್ತದೆ ಅಂದುಕೊಂಡಿದ್ದೆ. ಸುಡಲಿಲ್ಲ. ಮೊದಲು ಒಂದಿಷ್ಟು ಹುಣಸೆಯಂಥ ಹುಳಿ, ಎಲೆಯಡಿಕೆ ಹಾಕಿದ ಹಾಗೆ ನಾಲಗೆಗೆ ಸ್ವಲ್ಪ ಒಗರು, ಆಮೇಲೆ ಮೆತ್ತಗೆ, ಬೆಚ್ಚಗೆ ಇಳಿಯಿತು. ನುಂಗಿದ ಮೇಲೂ ಹೋಗಲಿಲ್ಲ. ಮಾತಾಡಿದರೆ ಎಲ್ಲಿ ಹೋಗಿಬಿಡುತ್ತದೋ ಅಂತ ತುಟಿ ಬಿಗಿದು ಕೂತೆ. ಇನ್ನೊಂದು ಗುಟುಕು, ಇನ್ನೊಂದು. ಅವಸರವಿಲ್ಲ, ಅಂಜಿಕೆಯಿಲ್ಲ, ಗೋಡೆ ಕಡೆ ಮುಖವಿಲ್ಲ. ಇಷ್ಟು ಸುಖವಾಗಿ ನಾನು ಯಾವ ಊಟಕ್ಕೂ ಕೂತಿರಲಿಲ್ಲ.

ಆಗ ನೆನಪಾಯಿತು. ಎದ್ದು ಹೋಗಿ ಚೀಲದಿಂದ ಒಂದು ಕಾಯಿ ತಂದು ಬೆನಿತೋ ಕೈಗೆ ಕೊಟ್ಟೆ. ಅಲ್ಲಾಡಿಸಿ ಅಂತ ಸನ್ನೆ ಮಾಡಿದೆ. ಅವರು ಎಡಗಿವಿಗೆ ಹಿಡಿದು ಅಲ್ಲಾಡಿಸಿದರು. ಮುಖದಲ್ಲಿ ಏನೂ ಇಲ್ಲ. ನಾನು ಮೆಲ್ಲಗೆ ಅವರ ಕೈಯನ್ನು ಬಲಗಿವಿಗೆ ದಾಟಿಸಿದೆ. ಗುಡುಗುಡು. ಮತ್ತೆ ಅಲ್ಲಾಡಿಸಿದರು. ಬುಧವಾರ ನಾನು ಬಾಟಲಿಯನ್ನು ಯಾಕೆ ಕಿವಿಗೆ ಹಿಡಿದೆ ಅನ್ನುವುದು ಅವರಿಗೆ ಆಗ ಹೊಳೆಯಿತು. ಮುದುಕ ನಕ್ಕರು ನೋಡಿ, ಮೇಜಿಗೆ ಕೈ ಬಡಿದು, ಕಣ್ಣಲ್ಲಿ ನೀರು ಬರುವ ಹಾಗೆ, ಪಿಲಾರಮ್ಮನ ಹೆಗಲಿಗೆ ಒರಗಿ ನಕ್ಕರು. ಹಲಗೆ ಮೇಲಿಟ್ಟು ಒಡೆದು ಉಂಡೆ ತೆಗೆದು ಕೊಟ್ಟೆ. ಒಂದು ಚೂರು ಕೊಬ್ಬರಿ, ಒಂದು ಗುಟುಕು ವೈನು. ಮನೆಯವರೆಲ್ಲ ಹಾಗೇ ತಿಂದರು, ಹಾಗೇ ಕುಡಿದರು.

ಇದನ್ನು ನೀವೇ ಮಾಡುತ್ತೀರಾ ಅಂತ ಬೆನಿತೋ ನಮ್ಮನೆಯವರನ್ನು ಕೇಳಿದರು. ಆಂದ್ರೆಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ನಾನು ತಟ್ಟೆ ನೋಡುತ್ತಾ ಕೂತೆ. ಮಂಡಿಯಲ್ಲಿ ಏನು ಹೇಳುತ್ತಾರೆ ಅಂತ ನನಗೆ ಗೊತ್ತಲ್ಲ.

ನಮ್ಮನೆಯವರು ಲೋಟ ಕೆಳಗಿಟ್ಟರು. "ನೋ ಸರ್," ಅಂದರು. ನನ್ನ ಕಡೆ ಬೆರಳು ತೋರಿಸಿದರು. "ಶಿ. ಓನ್ಲಿ ಶಿ. ಟ್ವೆಂಟಿಫೈವ್ ಇಯರ್ಸ್." ಅಷ್ಟು ಹೇಳಿ ನನಗೆ ಮಾತ್ರ ಕೇಳುವ ಹಾಗೆ ಕನ್ನಡದಲ್ಲಿ, "ಮಂಡೀಲೂ ಇನ್ಮೇಲೆ ಹಂಗೇ ಹೇಳ್ತೀನಿ ಕಣೇ, ಬಿಡು," ಅಂದರು.

ಆಗಲೇ ನಾನು ಇನ್ನರ್ಧ ಲೋಟ ಕೇಳಿದ್ದು.

ಮನೆ

ಹೊರಡುವಾಗ ಬೆನಿತೋ ಒಂದು ಬಾಟಲಿ ಕೊಟ್ಟರು. ಅಷ್ಟು ಹಳೆಯದಲ್ಲ, ಆದರೂ ಹತ್ತು ವರ್ಷದ್ದು. ನಮ್ಮನೆಯವರು ಅದನ್ನು ನಾರಿನಲ್ಲಿ ಸುತ್ತಿ, ನನ್ನ ಸೀರೆಗಳ ಮಧ್ಯೆ ಮಲಗಿಸಿ, ಬೆಂಗಳೂರಿನಿಂದ ತುಮಕೂರು, ತುಮಕೂರಿನಿಂದ ಗುಬ್ಬಿ, ಅಲ್ಲಿಂದ ಮನೆ ತನಕ ಆ ಚೀಲವನ್ನು ತೊಡೆಯ ಮೇಲೇ ಹೊತ್ತು ತಂದರು. ರಸ್ತೆಯ ಒಂದೊಂದು ಹಳ್ಳಕ್ಕೂ ಡ್ರೈವರಿಗೆ ಬೈಗುಳ ತಪ್ಪಲಿಲ್ಲ.

ಜಗಲಿಯ ಮೇಲೆ ಬಿಚ್ಚಿ ಇಟ್ಟೆವು. ಕೈಕಾಲು ತೊಳೆದು ಬರುವಷ್ಟರಲ್ಲಿ ನಮ್ಮತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದರು. ಎಂಭತ್ತರ ಮುದುಕಿ. "ಏನ್ಲಾ ಮಗ ಇದು?" ಅನ್ನುತ್ತಾ ಬಾಟಲಿ ಎತ್ತಿಕೊಂಡರು.

"ಅತ್ತೇ, ಬ್ಯಾಡ!" ಅಂತ ನಾನು ಬಚ್ಚಲಿಂದ ಕಿರುಚಿಕೊಂಡು ಓಡಿಬಂದೆ. ಥೇಟ್ ಪಿಲಾರಮ್ಮನ ಹಾಗೆಯೇ ಕಿರುಚಿದೆ. ಎಲ್ಲಿ ಕೇಳುತ್ತಾರೆ? ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿಯೇ ಬಿಟ್ಟರು. ನಮ್ಮನೆಯವರು ತಲೆ ಮೇಲೆ ಕೈ ಹೊತ್ತು ಕೂತರು.

ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಗೆ ಕೊಟ್ಟರು. "ಇನ್ನೂ ನೀರೈತೆ ಕಣವ್ವಾ. ಇನ್ನೊಂದ್ ವರ್ಸ ಮುಟ್ಟಬ್ಯಾಡಿ, ಮಡಗ್ಬುಡು."

ತಣ್ಣಗಿರಲಿ ಅಂತ ರಾಗಿ ಕಣಜದೊಳಗೆ ಮಲಗಿಸಿ ಮುಚ್ಚಿದೆ. ಬರುವ ಯುಗಾದಿಗೆ ಹೆಚ್ಚುಕಮ್ಮಿ ವರ್ಷ ತುಂಬುತ್ತದೆ. ಹಬ್ಬದ ಮಾರನೇ ದಿನ, ಮಟಮಟ ಮಧ್ಯಾಹ್ನ, ಇದೇ ಜಗಲಿಯ ಮೇಲೆ ತೆಗೆಯುತ್ತೇನೆ. ಅತ್ತೆಗೆ ಮೊದಲ ಲೋಟ. ಡೈರಿ ಹತ್ತಿರ ಕೇಳಬೇಕೆಂದಿರುವವರು ಅವತ್ತು ಮನೆಗೇ ಬನ್ನಿ, ಒಬ್ಬೊಬ್ಬರಿಗೂ ಒಂದೊಂದು ಗುಟುಕು, ಒಂದೊಂದು ಚೂರು ಕೊಬ್ಬರಿ. ಬಾಟಲಿಯನ್ನು ಮಾತ್ರ ಯಾರೂ ಮುಟ್ಟಕೂಡದು.